ಇನ್ನೂ ಮುಗಿಯದ 18+ ವಿಷುಯಲ್ ನಾವೆಲ್: ಚಿತ್ರ ಚೆಂದ, ಕಥೆ ನಿಧಾನ. ಈಗಲೇ ದುಡ್ಡು ಕೊಡಬಹುದಾ?

ನೀವು ಕೇಳಿದ್ದು ಇಷ್ಟು: ದೊಡ್ಡವರಿಗಾಗಿ ಮಾಡಿದ ಒಂದು ವಿಷುಯಲ್ ನಾವೆಲ್ (ಚಿತ್ರ ನೋಡುತ್ತ, ಮಾತು ಓದುತ್ತ, ನಡುವೆ ಆಯ್ಕೆ ಮಾಡುತ್ತ ಸಾಗುವ ಕಥೆಯ ಗೇಮ್) ಆಡುತ್ತಿದ್ದೀರಿ. ಭಾಗ ಭಾಗವಾಗಿ ಬರುತ್ತಿರುವ ಅದು ಈಗ 0.6ನೇ ಆವೃತ್ತಿಯ ತನಕ ಬಂದಿದೆ (ಪೂರ್ತಿ ಆದದ್ದಕ್ಕೆ 1.0 ಅನ್ನುವುದು ರೂಢಿ). ಚಿತ್ರಗಳಿಂದ ಕಣ್ಣು ಕೀಳಲು ಆಗುತ್ತಿಲ್ಲ, ಕಥೆ ಮಾತ್ರ ತೆವಳುತ್ತಿದೆ. ಮುಂದಿನ ಭಾಗಕ್ಕೆ ದುಡ್ಡು ಕೊಡಬೇಕಾ, ಪೂರ್ತಿ ಆಗುವ ತನಕ ಕಾಯಬೇಕಾ?

ನಾನು ವಿಜಯಪುರದಲ್ಲಿ ಮನೆಗಳ 3ಡಿ ಎಲಿವೇಶನ್ ಮಾಡಿಕೊಡುತ್ತೇನೆ. ಹಗಲೆಲ್ಲ ಯಾರದೋ ಪೋರ್ಟಿಕೋ ಮೇಲೆ ಬಿಸಿಲು ಬೀಳಿಸುವ ಕೆಲಸ, ರಾತ್ರಿ ಈ ಗೇಮ್‌ಗಳು. ಹಾಗಾಗಿ ಮೊದಲು ಚಿತ್ರದ ಮಾತು.

ಇಂಥ ಗೇಮ್‌ಗಳಲ್ಲಿ ಬಹಳಷ್ಟರ ಚಿತ್ರಗಳು ಡ್ಯಾಝ್ ಸ್ಟುಡಿಯೋ ಅನ್ನುವ 3ಡಿ ತಂತ್ರಾಂಶದಲ್ಲಿ ತಯಾರಾಗುತ್ತವೆ. ಅಲ್ಲಿ ಮನುಷ್ಯರ ಬೊಂಬೆ ಸಿದ್ಧವಾಗಿ ಸಿಗುತ್ತದೆ. ಕೂದಲು, ಸೀರೆ, ಸೋಫಾ, ಇಡೀ ಅಡುಗೆಮನೆ, ಎಲ್ಲ ಕೊಳ್ಳಬಹುದು. ಅದಕ್ಕೇ ಹತ್ತು ಗೇಮ್ ಆಡಿದರೆ ಅದೇ ಅಡುಗೆಮನೆ ಮೂರು ಸಲ ಎದುರಾಗುತ್ತದೆ. (ಒಂದರಲ್ಲಿ ಅದು ಡಾಕ್ಟರ ಮನೆ, ಇನ್ನೊಂದರಲ್ಲಿ ಕಳ್ಳನದು. ಟೈಲ್ಸ್ ಕೂಡ ಬದಲಾಗಿರಲ್ಲ!) ಚರ್ಮ ನಿಜವಾದದ್ದರ ಹಾಗೇ ಹೊಳೆಯುತ್ತದೆ ಅಂತ ಮರುಳಾಗಬೇಡಿ, ಆ ಹೊಳಪು ಅಂಗಡಿಯ ಸರಕು. ಬೆಳಕು ಎಲ್ಲಿಂದ ಬರುತ್ತಿದೆ, ಪಾತ್ರದ ಕಣ್ಣು ಏನನ್ನು ನೋಡುತ್ತಿದೆ, ಇದನ್ನು ಮಾತ್ರ ಮಾಡಿದವರೇ ಕೂತು ಯೋಚಿಸಬೇಕು. ಎಷ್ಟೋ ಗೇಮ್‌ಗಳಲ್ಲಿ ಪಾತ್ರಗಳು ಜಗಳ ಆಡುವಾಗಲೂ ಎದುರಿದ್ದವರ ಕಿವಿಯ ಪಕ್ಕ ಎಲ್ಲೋ ನೋಡುತ್ತಿರುತ್ತವೆ.

ನಾನು ಆಡಿದ ಒಂದರಲ್ಲಿ ಹೀಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್, ನಲವತ್ತರ ಹತ್ತಿರದವಳು. ಬಿಟ್ಟು ಹೋಗಿದ್ದ ಗಂಡ ಬಾಗಿಲಲ್ಲಿ ನಿಂತಿದ್ದಾನೆ. ಒಟ್ಟು ನಾಲ್ಕು ಚಿತ್ರ. ಮೊದಲನೆಯದರಲ್ಲಿ ಅವಳು ಚಹಾದ ಕಪ್ ತೊಳೆಯುತ್ತಿದ್ದಾಳೆ. ಎರಡನೆಯದರಲ್ಲಿ ನಳ ಬಂದ್ ಆಗಿದೆ, ಕೈ ಅಲ್ಲೇ ಇದೆ. ಮೂರನೆಯದರಲ್ಲಿ ರೆಪ್ಪೆ ಚೂರು ಇಳಿದಿದೆ, ಅಷ್ಟೇ ವ್ಯತ್ಯಾಸ. ನಾಲ್ಕನೆಯದರಲ್ಲಿ ಕಿಟಕಿಯ ಬಿಸಿಲು ಅವಳ ಮೊಣಕೈ ತನಕ ಬಂದಿದೆ, ಬಾಗಿಲು ಖಾಲಿ. ಇಡೀ ದೃಶ್ಯಕ್ಕೆ ಒಂದೇ ಮಾತು: "ಚಹಾ ಮಾಡಲಾ?" ಅದೇ ಗೇಮಿನಲ್ಲಿ ಹಾಸಿಗೆಯ ದೃಶ್ಯಗಳೂ ಸಾಕಷ್ಟಿದ್ದವು. ಈ ಅಡುಗೆಮನೆಯ ನಂತರ ಬಂದದ್ದಕ್ಕೆ ಮಾತ್ರ ತೂಕ ಇತ್ತು, ಉಳಿದವು ಸುಮ್ನೆ ಬಂದು ಹೋದವು.

ಇನ್ನು ಕಥೆ ಯಾಕೆ ತೆವಳುತ್ತದೆ? ಈ ದಂಧೆಯಲ್ಲಿ ಚಿತ್ರ ದುಬಾರಿ, ಮಾತು ಪುಕ್ಕಟೆ. ಗ್ರಾಫಿಕ್ಸ್ ಕಾರ್ಡ್ ಸುಮಾರಾಗಿದ್ದರೆ ಒಂದು ಒಳ್ಳೆಯ ಚಿತ್ರ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಅದನ್ನು ಪೂರ್ತಿ ಮೂಡಿಸಲು, ಅರ್ಧ ಗಂಟೆ, ಒಂದು ಗಂಟೆ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ (ನನ್ನ ಪೋರ್ಟಿಕೋಗಳದ್ದೂ ಇದೇ ಕಥೆ). ಒಂದು ಅಪ್‌ಡೇಟ್‌ಗೆ ಇಂಥವು ನೂರಾರು ಬೇಕು, ಮಾಡುವವರು ಹೆಚ್ಚಾಗಿ ಒಬ್ಬರು, ಇಬ್ಬರು. ಪೇಟ್ರಿಯಾನ್‌ನಂಥ, ಅಭಿಮಾನಿಗಳು ದುಡ್ಡು ಕೊಟ್ಟು ಬೆಂಬಲಿಸುವ ಜಾಲತಾಣಗಳಲ್ಲಿ ತಿಂಗಳು ತಿಂಗಳು ದುಡ್ಡು ಹಾಕುವವರು ಏನಾದರೂ ಹೊಸದು ಕೇಳುತ್ತಾರೆ. ಆಗ ಒಂದೇ ಚಿತ್ರದ ಮೇಲೆ ನಲವತ್ತು ಸಾಲು ಹರಟೆ ಸುರಿಯುತ್ತದೆ. ಕೊನೆಗೆ ಯಾರೋ ಬಾಗಿಲು ಬಡಿಯುತ್ತಾರೆ, ಭಾಗ ಮುಗಿಯಿತು. ಮೂರು ತಿಂಗಳಾದ ಮೇಲೆ ಬಾಗಿಲು ತೆಗೆದರೆ ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದಿರುತ್ತಾರೆ.

ಹಾಗಂತ ನಿಧಾನ ಅಂದಕೂಡಲೇ ಕೆಟ್ಟದ್ದು ಅನ್ನಬೇಡಿ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತದ ಆಟ ಬೆಳಗಾಗುವ ತನಕ ನಡೆಯುತ್ತದೆ. ಒಂದು ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆಗೆ ಸಿಟ್ಟು ಬಂತು, ಕಥೆ ಇಷ್ಟೇ ಅಲ್ವಾ? ಮುಂದೇನು ಅಂತ ಕೂತವರೆಲ್ಲರಿಗೂ ಗೊತ್ತು. ಆದರೂ ಜನ ಏಳುವುದಿಲ್ಲ. ಭಾಮೆ ಒಂದು ಹಾಡಿನಲ್ಲಿ ಸೊಕ್ಕಿನಿಂದ ಮಾತಾಡುತ್ತಾಳೆ, ಇನ್ನೊಂದರಲ್ಲಿ ಹೊಟ್ಟೆಕಿಚ್ಚು, ಮತ್ತೊಂದು ಬರುವಷ್ಟರಲ್ಲಿ ಗಂಟಲು ಕಟ್ಟಿರುತ್ತದೆ. ನಿಮ್ಮ ಗೇಮಿನ ಹರಟೆಯಲ್ಲಿ ಪಾತ್ರದ ಒಳಗೆ ಏನಾದರೂ ಹೀಗೆ ಸರಿದಾಡುತ್ತಿದ್ದರೆ ನಿಧಾನಕ್ಕೆ ಅರ್ಥ ಇದೆ. ಇಲ್ಲದಿದ್ದರೆ ಅದು ರೆಂಡರ್ ಆಗುವ ತನಕ ನಿಮ್ಮನ್ನು ಕೂರಿಸುವ ಉಪಾಯ.

ಇನ್ನೊಂದು ಪರೀಕ್ಷೆ ಹೇಳುತ್ತೇನೆ, ಇದಕ್ಕೆ ಅಭಿರುಚಿ ಗಿಭಿರುಚಿ ಬೇಡ. ನಿಮ್ಮ ಗೇಮ್ ರೆನ್‌ಪೈನಲ್ಲಿ ಮಾಡಿದ್ದಿರಬಹುದು. 2004ರಿಂದ ಇರುವ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಿಂತ, ಗೇಮ್ ಕಟ್ಟುವ ಪುಕ್ಕಟೆ ತಂತ್ರಾಂಶ (ಎಂಜಿನ್) ಅದು, ಇಂಥ ಎಷ್ಟೋ ಗೇಮ್‌ಗಳು ಅದರಲ್ಲೇ ಬರುತ್ತವೆ. ಅದರಲ್ಲಿ ಸ್ಕಿಪ್ ಒತ್ತಿದರೆ, ಸೆಟ್ಟಿಂಗ್ ಬದಲಿಸದೆ ಇದ್ದರೆ, ನೀವು ಈಗಾಗಲೇ ಓದಿದ ಸಾಲುಗಳನ್ನು ಮಾತ್ರ ಹಾರಿಸುತ್ತದೆ. ಓದದ ಸಾಲು ಅಥವಾ ಆಯ್ಕೆ ಬಂದ ತಕ್ಷಣ ನಿಲ್ಲುತ್ತದೆ. ದೊಡ್ಡ ನಿರ್ಧಾರ ಅಂತ ತೋರಿಸಿದ ಒಂದು ಆಯ್ಕೆಯ ಜಾಗಕ್ಕೆ ಹಳೆಯ ಸೇವ್‌ನಿಂದ ಹೋಗಿ. ಹೋದ ಸಲ ಸುಳ್ಳು ಹೇಳಿದ್ದರೆ ಈ ಸಲ ನಿಜ ಹೇಳಿ. ಆಮೇಲೆ ಸ್ಕಿಪ್. ಐದು ಹೊಸ ಸಾಲು ಬಂದು, ಮತ್ತೆ ಎರಡು ಭಾಗದ ತನಕ ಆಯ್ಕೆಗಳ ಹತ್ತಿರ ಬಿಟ್ಟು ಬೇರೆಲ್ಲೂ ನಿಲ್ಲದೆ ಓಡಿತು ಅಂದರೆ ನಿಮ್ಮ ಆಯ್ಕೆಯನ್ನು ಕಥೆ ಮರೆತಿದೆ. ನಡುನಡುವೆ ಅಲ್ಲಲ್ಲಿ ಹೊಸ ಸಾಲಿಗೆ ತಡೆದು ನಿಂತರೆ, ಆ ಸುಳ್ಳು ಯಾರದೋ ಮನಸ್ಸಿನಲ್ಲಿ ಉಳಿದಿದೆ. ಅಂಥ ಗೇಮ್ ಬರೆಯುವವರು ಮುಂದಿನದ್ದನ್ನು ಯೋಚಿಸಿಟ್ಟುಕೊಂಡಿದ್ದಾರೆ ಅಂತ ನನ್ನ ಲೆಕ್ಕ.

ಅರ್ಧಕ್ಕೆ ನಿಂತದ್ದರ ಜೊತೆ ಬದುಕುವುದು ನಮ್ಮ ಊರಿಗೆ ಹೊಸದಲ್ಲ. ಎರಡನೇ ಅಲಿ ಆದಿಲ್ ಶಾಹ ಗೋಳಗುಮ್ಮಟವನ್ನೂ ಮೀರಿಸಬೇಕು ಅಂತ ತನ್ನ ಗೋರಿ ಕಟ್ಟಿಸಲು ಹೊರಟ, 1672ರಲ್ಲಿ ತೀರಿಕೊಂಡ. ಗುಮ್ಮಟ ಏರಲೇ ಇಲ್ಲ. ಬರೀ ಕಮಾನುಗಳು ಉಳಿದವು, ಅದೇ ಬಾರಾ ಕಮಾನ್. ಸಂಜೆ ಅಲ್ಲಿ ಕೂತು ಮೇಲೆ ಗುಮ್ಮಟ ಇಲ್ಲ ಅಂತ ಯಾರೂ ಕೊರಗುವುದನ್ನು ನಾನು ನೋಡಿಲ್ಲ. ಒಂದೊಂದು ಕಮಾನೂ ತನ್ನ ಭಾರ ತಾನೇ ಹೊತ್ತು ನಿಂತಿದೆ.

ನಾನು ಒಂದು ಗೇಮ್‌ಗೆ ಆರು ತಿಂಗಳು ಬಿಡದೆ ದುಡ್ಡು ಹಾಕಿದೆ. 0.4 ಬಂತು, "ಆರೋಗ್ಯ ಸರಿ ಇಲ್ಲ, ಮುಂದಿನ ವಾರ" ಅಂತ ಒಂದು ಸಾಲು ಬಂತು, ಆಮೇಲೆ ಸುದ್ದಿಯೇ ಇಲ್ಲ. ಸಿಟ್ಟು ಬಂದದ್ದು ದುಡ್ಡಿಗಿಂತ ಜಾಸ್ತಿ ಒಂದು ವಿಷಯಕ್ಕೆ: ಆ ನಾಲ್ಕು ಭಾಗಗಳಲ್ಲಿ ಒಂದೂ ತನ್ನಷ್ಟಕ್ಕೆ ಪೂರ್ತಿ ಆಗಿರಲಿಲ್ಲ. ಎಲ್ಲವೂ ಮುಂದೆ ಹೇಳ್ತೀವಿ, ಮುಂದೆ ಹೇಳ್ತೀವಿ ಅಂತಲೇ ಇದ್ದವು.

ಹಾಗಾಗಿ ನಿಮ್ಮ 0.6 ಇಲ್ಲಿಗೇ ನಿಂತು ಹೋಯಿತು ಅಂತ ಇಟ್ಟುಕೊಳ್ಳಿ. ಆಡಿದ್ದಕ್ಕೆ ಬೇಜಾರಿಲ್ಲ ಅನಿಸಿದರೆ ಮುಂದಿನ ಭಾಗ ಬಂದ ದಿನ ಒಂದು ತಿಂಗಳ ದುಡ್ಡು ಕೊಡಿ, ಆಡಿ, ಸದಸ್ಯತ್ವ ನಿಲ್ಲಿಸಿ. ವರ್ಷದ್ದು ಒಟ್ಟಿಗೆ ಕಟ್ಟಬೇಡಿ. ಮತ್ತೆ, ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಹಳೆಯದನ್ನು ಕೂಡಲೇ ಅಳಿಸಬೇಡಿ. ಹಳೆಯ ಸೇವ್ ಕೆಲವೊಮ್ಮೆ ಹೊಸದರಲ್ಲಿ ಎರರ್ ಕೊಡುತ್ತದೆ. ಪ್ರತಿ ದೊಡ್ಡ ಆಯ್ಕೆಯ ಮುಂದೆ ಒಂದು ಸೇವ್ ಬೇರೆಯಾಗಿ ಇಟ್ಟುಕೊಳ್ಳಿ, ಸ್ಕಿಪ್ ಪರೀಕ್ಷೆಗೂ ಅದೇ ಬೇಕಾಗುತ್ತದೆ.