ಹಳೇ ಮಸ್ಟಾಂಗ್ ಕೊಳ್ಳುವವರಿಗೆ: ಬಾನೆಟ್ ಎತ್ತುವ ಮುಂಚೆ ಕಾರಿನ ಕೆಳಗೆ ನೋಡಿ

ಅಮೆರಿಕದ ಮಿಷಿಗನ್‌ಗೆ ಬಂದು ನಾಲ್ಕು ವರ್ಷ ಆಯ್ತು, 20 ಸಾವಿರ ಡಾಲರ್ ಒಳಗೆ 1965 ಅಥವಾ 66ರ ಫೋರ್ಡ್ ಮಸ್ಟಾಂಗ್ ಕೊಳ್ಳುವ ಆಸೆ ಇದೆ, ಆದರೆ ಮೆಕ್ಯಾನಿಕ್ ಕೆಲಸ ಏನೂ ಗೊತ್ತಿಲ್ಲ, ಧೈರ್ಯ ಮಾಡಬಹುದಾ ಅಂತ ಕೇಳಿದ್ದೀರಿ.

ಧಾರಾಳವಾಗಿ ಮಾಡಿ. ನಾನಿರುವುದೂ ಡೆಟ್ರಾಯಿಟ್ ಪಕ್ಕದಲ್ಲೇ. 2014ರಿಂದ ನನ್ನ ಹತ್ತಿರ 1966ರ ಮಸ್ಟಾಂಗ್ ಇದೆ. ಎರಡು ಬಾಗಿಲಿನ ಹಾರ್ಡ್‌ಟಾಪ್, 3.3 ಲೀಟರಿನ ಆರು ಸಿಲಿಂಡರ್ ಎಂಜಿನ್. ಕೊಂಡಾಗ ನನಗೂ ಪ್ಲಗ್ ಬಿಚ್ಚುವುದಕ್ಕಿಂತ ಹೆಚ್ಚು ಏನೂ ಬರುತ್ತಿರಲಿಲ್ಲ. ಮೊದಲ ಹಳೇ ಕಾರಿಗೆ ಮಸ್ಟಾಂಗ್ ಒಳ್ಳೆ ಆಯ್ಕೆ. 1966ರ ಮಾಡೆಲ್ ಒಂದೇ 6 ಲಕ್ಷಕ್ಕೂ ಜಾಸ್ತಿ ತಯಾರಾಗಿತ್ತು. ಹಾಗಾಗಿ ಬಾಗಿಲಿನ ಹಿಡಿಯಿಂದ ಹಿಡಿದು ನೆಲದ ತಗಡಿನವರೆಗೆ ಇವತ್ತಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಬಿಡಿಭಾಗ ಸಿಗುತ್ತಿಲ್ಲ ಅಂತ ನಾನು ಒಂದು ವಾರವೂ ಕಾರು ನಿಲ್ಲಿಸಿಲ್ಲ.

ಒಂದೇ ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ದುಡ್ಡು ಕೊಡುವುದು ಕಾರಿನ ತಗಡಿನ ಬಾಡಿ ನೋಡಿ. ಎಂಜಿನ್ ಕೆಟ್ಟಿದ್ದರೆ ಇಳಿಸಿ ರಿಪೇರಿ ಮಾಡಿಸಬಹುದು, ಅದಕ್ಕೊಂದು ಲೆಕ್ಕ ಇದೆ. ತುಕ್ಕಿಗೆ ಲೆಕ್ಕ ಇಲ್ಲ. ಮಸ್ಟಾಂಗ್‌ಗೆ ಲಾರಿಗಿರುವ ಹಾಗೆ ಬೇರೆ ಚಾಸಿ ಇಲ್ಲ. ನೆಲದ ತಗಡು, ಉದ್ದಕ್ಕೆ ಹಾಯುವ ಕಬ್ಬಿಣದ ತೊಲೆಗಳು, ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿಗಳು ಎಲ್ಲ ಸೇರಿಸಿ ವೆಲ್ಡ್ ಮಾಡಿದ್ದೇ ಕಾರಿನ ಬೆನ್ನು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ವಾ, ಅದು ಕೆಳಗಿನಿಂದ ತಿಂದುಕೊಂಡು ಬರುತ್ತದೆ. ಮೇಲೆ ಹೊಸ ಪೇಂಟ್ ಫಳಫಳ ಅಂತ ಹೊಳೆಯುತ್ತಿದ್ದರೂ ಒಳಗೆ ಏನೂ ಉಳಿದಿರುವುದಿಲ್ಲ.

ನಾನು ನೋಡಿದ ಮೊದಲ ಕಾರು ಕೆಂಪು ಬಣ್ಣದ್ದು. ನೋಡಿದ ತಕ್ಷಣ ಮನಸೋತೆ. ಅಡ್ವಾನ್ಸ್ ಕೊಡಲು ಚೆಕ್ ಬುಕ್ ಕೂಡ ತೆಗೆದುಕೊಂಡು ಹೋಗಿದ್ದೆ. ಜೊತೆಗೆ ಬಂದಿದ್ದ ಸಹೋದ್ಯೋಗಿ ಒಬ್ಬರು ಮಾಲೀಕರನ್ನು ಕೇಳಿ ಒಂದು ಜಗ್ ನೀರು ತರಿಸಿಕೊಂಡರು. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಇರುವ ಕಡೆ, ಒಳಗೆ ಗಾಳಿ ಹೋಗಲು ಸಾಲಾಗಿ ಸೀಳುಗಳಿರುತ್ತವೆ. ಇಲ್ಲಿಯವರು ಅದನ್ನು ಕೌಲ್ ಅಂತಾರೆ. ಅದರೊಳಗೆ ಮೆಲ್ಲಗೆ ನೀರು ಸುರಿದರು. ನನಗೆ ಡ್ರೈವರ್ ಸೀಟಿನ ಮುಂದೆ ಬಗ್ಗಿ ಟಾರ್ಚ್ ಹಿಡಿಯಲು ಹೇಳಿದರು. ಹತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಕಂದು ನೀರು ತೊಟ್ಟಿಕ್ಕಿತು. ಕಾರ್ಪೆಟ್ ಎತ್ತಿ ನೋಡಿದರೆ ಅಡಿಯಲ್ಲಿ ತಗಡಿನ ಮೇಲೆ ತಗಡು ಅಂಟಿಸಿ ಟಾರು ಬಳಿದಿದ್ದರು.

ಆ ಕೌಲ್ ಒಳಗೆ ಎಲೆ, ಮಣ್ಣು ಸೇರಿ ನೀರು ನಿಲ್ಲುತ್ತದೆ. ಅಲ್ಲಿ ತೂತಾದರೆ ಮಳೆ ಬಂದಾಗಲೆಲ್ಲ ನೀರು ನೇರವಾಗಿ ನೆಲಕ್ಕೆ ಇಳಿಯುತ್ತದೆ. ಸರಿ ಮಾಡಬೇಕೆಂದರೆ ಹತ್ತಾರು ವೆಲ್ಡ್ ಚುಕ್ಕೆಗಳನ್ನು ಕೊರೆದು ಇಡೀ ಮೇಲ್ಭಾಗ ಬಿಚ್ಚಬೇಕು. ಆ ಕೆಲಸಕ್ಕೆ ಒಳ್ಳೆ ಟಿಂಕರಿಂಗ್‌ನವರು ಕೇಳುವ ಕೂಲಿ ಕೇಳಿದರೆ ತಲೆ ತಿರುಗುತ್ತದೆ. ದಯವಿಟ್ಟು ನೀರು ಹಾಕದೆ ಯಾವ ಮಸ್ಟಾಂಗನ್ನೂ ಕೊಳ್ಳಬೇಡಿ. ಮಾಲೀಕರು ಒಪ್ಪದಿದ್ದರೆ ಅದೇ ನಿಮಗೆ ಉತ್ತರ.

ಮತ್ತೆ ಒಂದು ಚಿಕ್ಕ ಅಯಸ್ಕಾಂತ ತೆಗೆದುಕೊಂಡು ಹೋಗಿ. ತೆಳು ಬಟ್ಟೆಯಲ್ಲಿ ಸುತ್ತಿ, ಹಿಂದಿನ ಚಕ್ರದ ಸುತ್ತ, ಬಾಗಿಲಿನ ಕೆಳ ಅಂಚಿನಲ್ಲಿ ಇಟ್ಟು ನೋಡಿ. ಹಿಡಿಯದೆ ಜಾರಿದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಡಿಕ್ಕಿಯ ಮ್ಯಾಟ್ ಎತ್ತಿ. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಅದು ತುಕ್ಕು ಹಿಡಿದಿದ್ದರೆ ಬರೀ ನೆಲದ ಪ್ರಶ್ನೆಯಲ್ಲ, ಹುಷಾರು. ಅರಿಜೋನಾ, ಕ್ಯಾಲಿಫೋರ್ನಿಯಾ ಕಡೆಯ ಒಣ ಊರಿನ ಕಾರು ಸಿಕ್ಕರೆ ಸಾಗಿಸುವ ಖರ್ಚು ಕೊಟ್ಟಾದರೂ ತರಿಸಿ. ನನ್ನದು ಹಾಗೆ ಬಂದಿದ್ದು. ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಬಿರುಕು ಬಿಟ್ಟಿದ್ದವು, ನೆಲ ಮಾತ್ರ ಗಟ್ಟಿ. ಸೀಟಿನ ಬಟ್ಟೆ ನಾನೇ ಎರಡು ಶನಿವಾರದಲ್ಲಿ ಹಾಕಿದೆ.

ಇನ್ನು ನಂಬರ್. ಬಾನೆಟ್ ಎತ್ತಿದರೆ ಡ್ರೈವರ್ ಕಡೆಯ ಒಳ ಮಡ್‌ಗಾರ್ಡ್ ತಗಡಿನಲ್ಲಿ ಫ್ಯಾಕ್ಟರಿ ಕೊಟ್ಟ ಕಾರಿನ ನಂಬರ್ ಕೊರೆದಿರುತ್ತದೆ. ಡ್ರೈವರ್ ಬಾಗಿಲಿನ ಪ್ಲೇಟಿನಲ್ಲೂ ಇರುತ್ತದೆ. ಎರಡೂ ಕಾರಿನ ಟೈಟಲ್ ಪತ್ರಕ್ಕೆ, ಅಂದರೆ ಮಾಲೀಕತ್ವದ ಪತ್ರಕ್ಕೆ, ಹೊಂದಬೇಕು. ಮೊದಲ ಅಂಕಿ 6 ಆದರೆ 1966. ಎರಡನೆಯದು ಫ್ಯಾಕ್ಟರಿ: ಎಫ್ ಅಂದರೆ ಡಿಯರ್‌ಬಾರ್ನ್, ಆರ್ ಅಂದರೆ ಸ್ಯಾನ್ ಹೋಸೆ, ಟಿ ಅಂದರೆ ಮೆಟುಚೆನ್. ಐದನೆಯ ಅಕ್ಷರ ಎಂಜಿನ್ ಹೇಳುತ್ತದೆ. ಅಲ್ಲಿ ಟಿ ಇದ್ದರೆ ನನ್ನದರಂಥ ಆರು ಸಿಲಿಂಡರ್, ಸಿ ಅಥವಾ ಎ ಇದ್ದರೆ 4.7 ಲೀಟರಿನ ಎಂಟು ಸಿಲಿಂಡರ್ ವಿ8. ಚಕ್ರದ ನಟ್ಟುಗಳನ್ನೂ ಎಣಿಸಿ. ಆರು ಸಿಲಿಂಡರ್ ಕಾರಿಗೆ ನಾಲ್ಕು, ವಿ8ಗೆ ಐದು. ನಾಲ್ಕು ನಟ್ಟಿನ ಕಾರಿನಲ್ಲಿ ವಿ8 ಗುರುಗುಟ್ಟುತ್ತಿದ್ದರೆ ಯಾರೋ ಎಂಜಿನ್ ಮಾತ್ರ ಬದಲಿಸಿ ಚಿಕ್ಕ ಬ್ರೇಕು ಹಾಗೇ ಬಿಟ್ಟಿದ್ದಾರೆ. ಅದನ್ನು ಬಿಟ್ಟು ಮುಂದೆ ಹೋಗಿ.

ಬ್ರೇಕಿನ ವಿಷಯ ನಾನು ಅನುಭವಿಸಿ ಕಲಿತೆ. 1966ರವರೆಗೆ ಮಸ್ಟಾಂಗ್‌ಗೆ ಇದ್ದದ್ದು ಒಂದೇ ಖಾನೆಯ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ. ನಾಲ್ಕೂ ಚಕ್ರಕ್ಕೆ ಒಂದೇ ಲೈನ್. 2015ರಲ್ಲಿ ಒಂದು ದಿನ ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹಿಂದಿನ ಚಕ್ರದ ಸಿಲಿಂಡರಿನ ರಬ್ಬರ್ ಹರಿದು ಆಯಿಲ್ ಎಲ್ಲ ಹೊರಗೆ. ಹಿಂದೆ ಹೋದರೆ ಮುಂದೆಯೂ ಹೋದ ಹಾಗೇ. ಡ್ಯಾಶ್‌ಬೋರ್ಡ್ ಅಡಿಯ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ, ಹೇಗೋ ಪಕ್ಕಕ್ಕೆ ತಂದೆ. ಪಕ್ಕದ ಸೀಟಿನಲ್ಲಿ ಮಗಳಿದ್ದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 1967ರಿಂದ ಕಂಪನಿಯೇ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಖಾನೆ ಕೊಟ್ಟಿತು. ಹಳೆಯದಕ್ಕೂ ಹಾಕಲು ಕಿಟ್ ಸಿಗುತ್ತದೆ. ಕಾರು ಮನೆಗೆ ಬಂದ ಮೊದಲ ವಾರವೇ ಅದನ್ನು ಮಾಡಿಸಿ, ರಬ್ಬರ್ ಹೋಸುಗಳನ್ನೂ ಹೊಸದು ಹಾಕಿಸಿ. ಸೊಂಟದ ಬೆಲ್ಟ್ ಮಾತ್ರ ಇರುತ್ತದೆ, ಭುಜದ ಬೆಲ್ಟ್ ಕೂಡ ಕೂರಿಸಿಕೊಳ್ಳಿ. ಹಾಗಾಗಿ 20 ಸಾವಿರವನ್ನೂ ಕಾರಿಗೇ ಸುರಿಯಬೇಡಿ. ನಾಲ್ಕು ಸಾವಿರ ಪಕ್ಕಕ್ಕಿಡಿ.

ಸಾಕುವುದು ಕಷ್ಟ ಇಲ್ಲ. ನಮ್ಮ ಊರಿನ ಅಂಬಾಸಿಡರ್ ಸಂಭಾಳಿಸಿದವರಿಗೆ ಎಲ್ಲ ಗುರುತು ಸಿಗುತ್ತದೆ: ಚೋಕ್, ಕಾರ್ಬುರೇಟರ್, ಪಾಯಿಂಟ್, ಕಂಡೆನ್ಸರ್. ಪಾಯಿಂಟ್ ಅಂದರೆ ಪ್ಲಗ್‌ಗೆ ಕಿಡಿ ಬರಲು ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್. ಹಾಸನದಲ್ಲಿ ಚಿಕ್ಕಪ್ಪ ಪಾಯಿಂಟ್ ಸೆಟ್ ಮಾಡುವಾಗ ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಈಗ ನಾನೇ ಮಾಡುತ್ತೇನೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಎಂಜಿನ್ ಕೈಯಲ್ಲಿ ತಿರುಗಿಸಿ, ಪಾಯಿಂಟ್ ಪೂರ್ತಿ ತೆರೆದಾಗ 0.025 ಇಂಚು ದಪ್ಪದ ಅಳತೆ ಪಟ್ಟಿ, ಅಂದರೆ ಫೀಲರ್ ಗೇಜ್, ನಡುವೆ ತೂರಿಸಬೇಕು. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋದರೆ ಜಾಸ್ತಿ ತೆರೆದಿದೆ, ತಡೆದರೆ ಕಡಿಮೆ. ಸ್ವಲ್ಪವೇ ಹಿಡಿದು ಬಿಡುವ ಹಾಗಿರಬೇಕು. ಎರಡು ಸಲ ಮಾಡಿದರೆ ಬೆರಳಿಗೇ ಗೊತ್ತಾಗುತ್ತದೆ. ಬೇಡ ಅಂದರೆ ಅದೇ ಮುಚ್ಚಳದೊಳಗೆ ಕೂರುವ ಎಲೆಕ್ಟ್ರಾನಿಕ್ ಕಿಟ್ ಹಾಕಿಕೊಳ್ಳಿ, ತಪ್ಪೇನಿಲ್ಲ.

ಆರು ಸಿಲಿಂಡರಿನದು ಕೊಂಡರೆ ಒಂದು ಗುಟ್ಟು ಹೇಳುತ್ತೇನೆ. ನನ್ನ ಕಾರು ಏರು ಬಂದರೆ ಏದುಸಿರು ಬಿಡುತ್ತಿತ್ತು. ಒಂದು ಬೇಸಿಗೆ ಪೂರ್ತಿ ಪ್ಲಗ್, ವೈರ್, ಪೆಟ್ರೋಲ್ ಪಂಪ್ ಎಲ್ಲ ಬದಲಿಸಿದೆ. ಕೊನೆಗೆ ಕಾರು ಮಂದಿ ಸೇರುವ ಕಡೆ ರಿಟೈರ್ ಆದ ಹಿರಿಯರೊಬ್ಬರು ಬಾನೆಟ್ ಒಳಗೆ ನೋಡಿ ಐದೇ ನಿಮಿಷದಲ್ಲಿ ಹೇಳಿದರು. ಈ ಎಂಜಿನ್‌ನ ಮೂಲ ಡಿಸ್ಟ್ರಿಬ್ಯೂಟರ್‌ನಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ಕಿಡಿಯ ಸಮಯ ಬದಲಿಸುವ ತಿರುಗುವ ತೂಕಗಳಿಲ್ಲ. ಕಿಡಿ ಎಷ್ಟು ಮುಂಚೆ ಹಾರಬೇಕು ಅನ್ನುವುದನ್ನು ಮೂಲ ಆಟೋಲೈಟ್ 1100 ಕಾರ್ಬುರೇಟರಿನ ಒಂದು ಚಿಕ್ಕ ವಾಲ್ವ್ ಹೇಳಿಕೊಡುತ್ತದೆ. ಹಿಂದಿನ ಮಾಲೀಕರು ಬೇರೆ ಕಾರ್ಬುರೇಟರ್ ಹಾಕಿದ್ದರು, ಡಿಸ್ಟ್ರಿಬ್ಯೂಟರ್ ಹಳೆಯದೇ. ಎರಡಕ್ಕೂ ಮಾತುಕತೆಯೇ ಇರಲಿಲ್ಲ. ಎರಡನ್ನೂ ಜೋಡಿಯಾಗಿ ಬದಲಿಸಬೇಕು, ಇಲ್ಲವೇ ಎರಡೂ ಮೂಲದ್ದೇ ಇರಬೇಕು. ನಾನು ಮೂಲದ ಕಾರ್ಬುರೇಟರ್ ಹುಡುಕಿ ಹಾಕಿದೆ. ಅವತ್ತು ಅದು ಏರು ಹತ್ತಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ.

ಆಯಿಲ್ ಕೊಳ್ಳುವಾಗ ಸತು ಜಾಸ್ತಿ ಇರುವ, ಹಳೇ ಎಂಜಿನ್‌ಗೆಂದೇ ಮಾಡಿದ್ದನ್ನು ಕೇಳಿ. ಹೊಸ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ, ವಾಲ್ವ್ ತೆರೆಯಿಸುವ ಕ್ಯಾಮ್ ಸವೆಯುತ್ತದೆ. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಇನ್ಶೂರೆನ್ಸ್ ಮಾಡಿಸುವಾಗ ಬೆಲೆ ಮೊದಲೇ ಒಪ್ಪಿಕೊಂಡು ಬರೆದುಕೊಡುವ ಪಾಲಿಸಿ ತೆಗೆದುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಇದನ್ನು ಅರವತ್ತು ವರ್ಷದ ಗುಜರಿ ಅಂತ ಲೆಕ್ಕ ಹಾಕುತ್ತಾರೆ. ಹಳೇ ಕಾರುಗಳಿಗೆಂದು ಮಿಷಿಗನ್ ಕೊಡುವ ಹಿಸ್ಟಾರಿಕ್ ನಂಬರ್ ಪ್ಲೇಟ್ ಅಗ್ಗ, ಆದರೆ ಮೆರವಣಿಗೆ, ಪ್ರದರ್ಶನ, ಕ್ಲಬ್ ಸವಾರಿಗೆ ಮಾತ್ರ. ಆಗಸ್ಟ್ ತಿಂಗಳು ಮಾತ್ರ ಎಲ್ಲಿಗೆ ಬೇಕಾದರೂ ಓಡಿಸಬಹುದು. ನನಗೆ ಭಾನುವಾರ ತರಕಾರಿಗೂ ಅದರಲ್ಲೇ ಹೋಗಬೇಕು, ಅದಕ್ಕೆ ಮಾಮೂಲಿ ಪ್ಲೇಟ್ ಇಟ್ಟುಕೊಂಡಿದ್ದೇನೆ. ನಿಲ್ಲಿಸಿದರೆ ಈ ಕಾರುಗಳು ಕೆಡುತ್ತವೆ. ರಬ್ಬರ್ ಒಣಗುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ. ನವೆಂಬರ್‌ನಲ್ಲಿ ಉಪ್ಪು ಬೀಳುವ ಮುಂಚೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಜರ್ ಹಾಕಿ, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ ಮಲಗಿಸಿ.

ಕೊಳ್ಳುವ ಮುಂಚೆ ಆಗಸ್ಟ್‌ನ ಮೂರನೇ ಶನಿವಾರ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂ ರಸ್ತೆಗೆ ಬನ್ನಿ. 1995ರಿಂದ ಅಲ್ಲಿ ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಹಳೇ ಕಾರುಗಳೇ. ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಮಾಲೀಕರನ್ನು ಸುಮ್ನೆ ಮಾತಾಡಿಸಿ, ಬಾನೆಟ್ ಎತ್ತಿ ತೋರಿಸುತ್ತಾರೆ. ಕಾರು ನೋಡಲು ಹೋಗುವ ದಿನ ಹಳೇ ಬಟ್ಟೆ ಹಾಕಿಕೊಂಡು, ಟಾರ್ಚ್, ಅಯಸ್ಕಾಂತ, ಎರಡು ಬಾಟಲಿ ನೀರು ಒಯ್ಯಿರಿ. ಜೊತೆಗೆ ಯಾರೂ ಇಲ್ಲದಿದ್ದರೆ ಇಲ್ಲೇ ಒಂದು ಸಾಲು ಬರೆಯಿರಿ, ಶನಿವಾರ ಆದರೆ ನಾನೇ ಬರುತ್ತೇನೆ.