ದೊಡ್ಡ ಬ್ಯಾಟರಿಯನ್ನು ಬೈಯುವ ಮೊದಲು ಚಿಕ್ಕದನ್ನು ನೋಡಿ

ಪ್ರಶ್ನೆ: ಊರಲ್ಲಿಲ್ಲದ ಕಾರಣ ನಮ್ಮ ಹೈಬ್ರಿಡ್ ಕಾರು ಮಳೆಗಾಲದಲ್ಲಿ ಇಪ್ಪತ್ತೈದು ದಿನ ಶೆಡ್ಡಿನಲ್ಲೇ ನಿಂತಿತ್ತು. ಈಗ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕುತ್ತವೆ, ಟಿಕ್ ಟಿಕ್ ಸದ್ದು ಬರುತ್ತದೆ, ಗಾಡಿ ಓಡಲು ಸಿದ್ಧ ಎನ್ನುವ ‘ರೆಡಿ’ ದೀಪ ಮಾತ್ರ ಬರುವುದಿಲ್ಲ. ಹೈಬ್ರಿಡ್ ಬ್ಯಾಟರಿ ಹೋಗಿದೆ, ಲಕ್ಷಗಟ್ಟಲೆ ಖರ್ಚು ಎನ್ನುತ್ತಾರೆ ಗ್ಯಾರೇಜಿನವರು. ನಿಜವೇ?
– ಶಿರಸಿಯ ಓದುಗರು

ಉತ್ತರ: ನೀವು ಹೇಳಿದ ಲಕ್ಷಣವೆಲ್ಲ 12 ವೋಲ್ಟಿನ ಚಿಕ್ಕ ಬ್ಯಾಟರಿಯದು. ಟೊಯೊಟಾ, ಮಾರುತಿಯ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ (ಬರೀ ಮೋಟರಿನಿಂದಲೂ ಓಡಬಲ್ಲ ಗಾಡಿಗಳಲ್ಲಿ) ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿ. ಆದರೆ ಅದನ್ನು ಗಾಡಿಗೆ ಜೋಡಿಸುವ ರಿಲೇ ಮತ್ತು ಕಂಪ್ಯೂಟರುಗಳು ಎಚ್ಚರವಾಗಲು ಚಿಕ್ಕದೇ ಬೇಕು. ಬೀಗದ ಕೈ ಸತ್ತರೆ ಖಜಾನೆ ತುಂಬಿದ್ದೂ ಪ್ರಯೋಜನವಿಲ್ಲ. ನಿಂತ ಗಾಡಿಯಲ್ಲಿ ಅಲಾರಂ, ಕೀಲಿಯ ರಿಸೀವರ್ ಎಲ್ಲ ಚೂರು ಚೂರೇ ಕರೆಂಟು ಕುಡಿಯುತ್ತಿರುತ್ತವೆ.

ಮಲ್ಟಿಮೀಟರ್ ಇಟ್ಟು ನೋಡಿ. ಗಾಡಿ ಆಫ್ ಇದ್ದಾಗ 12.6 ವೋಲ್ಟಿನ ಸುಮಾರಿಗಿದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ, 11.8ಕ್ಕಿಂತ ಕೆಳಗಿದ್ದರೆ ಬರಿದು. ಬರಿದಾಗಿದ್ದರೆ ಚಾರ್ಜರ್ ಹಾಕಿ, ಇಲ್ಲವೇ ಬೇರೆ ಕಾರಿನಿಂದ ಜಂಪ್ ಕೊಡಿ. ಕೆಂಪು ಕೇಬಲ್ ಧನ (+) ತುದಿಗೆ, ಕಪ್ಪು ಕೇಬಲ್ ಬ್ಯಾಟರಿಯಿಂದ ದೂರದ ಬರಿ ಲೋಹಕ್ಕೆ. ಕೆಲವು ಮಾದರಿಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲಿದ್ದು, ಜಂಪ್ ಕೊಡುವ ತುದಿ ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿರುತ್ತದೆ; ನಿಮ್ಮದು ಎಲ್ಲಿ ಎಂದು ಕೈಪಿಡಿ ನೋಡಿಕೊಳ್ಳಿ. ತುದಿ ಅದಲುಬದಲಾದರೆ ಫ್ಯೂಸ್ ಮಾತ್ರವಲ್ಲ, ದುಬಾರಿ ಎಲೆಕ್ಟ್ರಾನಿಕ್ಸ್ ಕೂಡ ಸುಡಬಹುದು. ಹಾಗೆಯೇ ನಿಮ್ಮ ಹೈಬ್ರಿಡ್‌ನಿಂದ ಇನ್ನೊಬ್ಬರ ಗಾಡಿಗೆ ಜಂಪ್ ಕೊಡಬೇಡಿ.

‘ರೆಡಿ’ ಬಂದ ಮೇಲೆ ತುದಿಯಲ್ಲಿ ಸುಮಾರು 14 ವೋಲ್ಟ್ ಕಂಡರೆ ಚಾರ್ಜಿಂಗ್ ಸರಿಯಿದೆ. ಒಂದು ಗಂಟೆ ಹಾಗೆಯೇ ‘ರೆಡಿ’ಯಲ್ಲಿರಲಿ, ಹೊರಗಡೆ ಗಾಳಿಯಾಡುವಲ್ಲಿ, ಎಂಜಿನ್ ಯಾವಾಗ ಬೇಕಾದರೂ ತಾನಾಗಿ ಹೊತ್ತಿಕೊಳ್ಳುತ್ತದೆ. ಮರುದಿನ ಮತ್ತೆ ಬರಿದಾದರೆ ಚಿಕ್ಕ ಬ್ಯಾಟರಿ ಬದಲಿಸಿ. ಡಿಕ್ಕಿಯೊಳಗಿನದಾದರೆ ಅದೇ ಬಗೆಯದನ್ನೇ ಹಾಕಿಸಿ, ಅದರ ಗಾಳಿ ನಳಿಗೆಯನ್ನೂ ಮರಳಿ ಜೋಡಿಸಿ.

ಮುಂದೆ ಊರಿಗೆ ಹೋಗುವಾಗ ವಾರಕ್ಕೊಮ್ಮೆ ಅರ್ಧ ಗಂಟೆ ‘ರೆಡಿ’ಯಲ್ಲಿಡಲು ಮನೆಯವರಿಗೆ ಹೇಳಿ ಹೋಗಿ. ಬರೇ ರೇಡಿಯೊ ಹಚ್ಚಿಟ್ಟರೆ ಸಾಲದು, ಅದು ಬ್ಯಾಟರಿಯನ್ನು ಇನ್ನಷ್ಟು ಬರಿದು ಮಾಡುತ್ತದೆ. ದೊಡ್ಡ ಬ್ಯಾಟರಿ ನಿಜವಾಗಿ ಸೋತರೆ ಸ್ಕ್ರೀನಿನಲ್ಲಿ ಹೈಬ್ರಿಡ್ ಸಿಸ್ಟಮ್ ಎಚ್ಚರಿಕೆ ಬರುತ್ತದೆ. ಆಗಲೂ ಲಕ್ಷ ಕೊಡುವ ಮೊದಲು ವಾರಂಟಿ ನೋಡಿ: ಟೊಯೊಟಾ ಇಲ್ಲಿ ಮಾರುವ ಹೈಬ್ರಿಡ್‌ಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತದೆ.

ಪ್ರಶ್ನೆ: ದೇವಿಮನೆ ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಒಮ್ಮೆಲೇ ಜೋರಾಗಿ ಕೂಗತೊಡಗುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿನಿಂದ ವೇಗ ತಗ್ಗಿಸುವ ‘ಬಿ’ ಗೇರಿನಲ್ಲಿ ಇನ್ನೂ ಜಾಸ್ತಿ. ಪೆಟ್ರೋಲ್ ಸುಮ್ಮನೆ ಸುಡುತ್ತಿದೆಯೇ?
– ಕುಮಟಾದ ಓದುಗರು

ಉತ್ತರ: ಇಲ್ಲ, ಆಗ ಪೆಟ್ರೋಲ್ ಸುಡುತ್ತಿಲ್ಲ. ಲೆಕ್ಕ ಹಾಕಿ: ಜನರೂ ಸೇರಿ 1500 ಕೆ.ಜಿ. ತೂಗುವ ಗಾಡಿ 400 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1.6 ಯೂನಿಟ್. ಗ್ರಾಂಡ್ ವಿಟಾರಾ, ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿ ಹಿಡಿಸುವುದು 0.76 ಯೂನಿಟ್ ಮಾತ್ರ. ಅದರಲ್ಲೂ ಆಯುಷ್ಯ ಕಾಪಾಡಲು ಮೇಲಿನ ತುದಿ, ಕೆಳಗಿನ ತುದಿ ಎರಡನ್ನೂ ಬಿಟ್ಟು ನಡುವಿನ ಭಾಗವನ್ನೇ ಬಳಸುತ್ತಾರೆ. ಗಾಳಿ, ಟೈರು ತಿಂದದ್ದನ್ನು ಕಳೆದರೂ ನಾಲ್ಕೈದು ತಿರುವಿನಲ್ಲೇ ಕೊಡ ತುಂಬಿ ಹೋಗುತ್ತದೆ. ಉಳಿದ ಕರೆಂಟಿನಿಂದ ಗಾಡಿ ಎಂಜಿನ್ನನ್ನು ಇಂಧನವಿಲ್ಲದೆ ಬರಿದೇ ತಿರುಗಿಸಿ ಶಕ್ತಿಯನ್ನು ವ್ಯಯಿಸುತ್ತದೆ. ಆ ಕೂಗು ಅದರದ್ದೇ, ಮತ್ತು ಅದು ನಿಮ್ಮ ಬ್ರೇಕನ್ನು ತಂಪಾಗಿಡುತ್ತಿದೆ.

ಘಟ್ಟದ ನೆತ್ತಿಯಲ್ಲೇ ‘ಬಿ’ ಹಾಕಿಕೊಳ್ಳಿ, ಸಮತಟ್ಟು ಬಂದ ಮೇಲೆ ‘ಡಿ’ಗೆ ಬನ್ನಿ. ಇಡೀ ದಿನ ‘ಬಿ’ಯಲ್ಲೇ ಓಡಿಸಿದರೆ ಮೈಲೇಜ್ ಬೀಳುತ್ತದೆಯೇ ಹೊರತು ಲಾಭವಿಲ್ಲ. ನ್ಯೂಟ್ರಲ್‌ನಲ್ಲಿ ಇಳಿಸುವ ಹಳೇ ಚಟವನ್ನಂತೂ ಬಿಟ್ಟುಬಿಡಿ: ಅಲ್ಲಿ ಬ್ಯಾಟರಿಯೂ ಚಾರ್ಜ್ ಆಗದು, ಗಾಡಿಯ ಹಿಡಿತವೂ ಇರದು. ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ನಿಂತಾಗಲೂ ಅಷ್ಟೇ. ‘ಡಿ’ಯಲ್ಲಿ ಬ್ರೇಕ್ ಹಿಡಿದಿರಿ, ಇಲ್ಲವೇ ‘ಪಿ’ಗೆ ಹಾಕಿ.

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ಹತ್ತಿರವೇ ಮನೆ. ಎರಡು ದಿನ ನಿಲ್ಲಿಸಿದ ಮೇಲೆ ಬ್ರೇಕ್ ಒತ್ತಿದರೆ ಗರಗರ ಸದ್ದು. ಪ್ಯಾಡ್ ಇನ್ನೂ ಸವೆದಿಲ್ಲ ಎನ್ನುತ್ತಾರೆ. ಹಾಗಾದರೆ ಸದ್ದೇಕೆ?
– ಕಾರವಾರದ ಓದುಗರು

ಉತ್ತರ: ಪ್ಯಾಡ್ ಸವೆಯದಿರುವುದೇ ಇಲ್ಲಿ ತೊಂದರೆ. ಹೈಬ್ರಿಡ್‌ನಲ್ಲಿ ಮೆಲ್ಲಗೆ ಬ್ರೇಕ್ ಹಿಡಿದಾಗ ಹೆಚ್ಚಿನ ಕೆಲಸ ಮೋಟರೇ ಮಾಡುವುದರಿಂದ ಡಿಸ್ಕಿಗೆ ಉಜ್ಜಾಟ ಕಡಿಮೆ. ಉಪ್ಪುಗಾಳಿ, ಮಳೆಯ ತೇವ ಸೇರಿದರೆ ರಾತ್ರೋರಾತ್ರಿ ತುಕ್ಕಿನ ಪದರ ಕೂರುತ್ತದೆ. ಹಿಂದೆ ಯಾರೂ ಇಲ್ಲದ ಖಾಲಿ ರಸ್ತೆಯಲ್ಲಿ 50ರ ವೇಗದಿಂದ ಐದಾರು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ಸದ್ದು ಹೋದರೆ ಮುಗಿಯಿತು. ಹೋಗದಿದ್ದರೆ, ಅಥವಾ ಗಾಡಿ ಒಂದು ಬದಿಗೆ ಎಳೆದರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿರಬಹುದು. ಮಳೆಗಾಲಕ್ಕೆ ಮೊದಲು ಮತ್ತು ಮುಗಿದ ಮೇಲೆ ಪಿನ್ ಬಿಚ್ಚಿ ಒರೆಸಿ ಬ್ರೇಕ್ ಗ್ರೀಸ್ ಹಚ್ಚಿಸಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ.

ಅದೇ ದಿನ ದೊಡ್ಡ ಬ್ಯಾಟರಿ ತಂಪು ಮಾಡುವ ಫ್ಯಾನಿನ ಗಾಳಿಕಿಂಡಿಯನ್ನೂ ನೋಡಿಸಿ. ಸೀಟಿನ ಬುಡದಲ್ಲಿರುವ ಮಾದರಿಗಳಲ್ಲಿ ಧೂಳು, ನಾಯಿಯ ಕೂದಲು ಜಾಲರಿಗೆ ಮೆತ್ತಿಕೊಂಡು ಬ್ಯಾಟರಿ ಬಿಸಿಯೇರುತ್ತದೆ. ಅಲ್ಲಿ ಚೀಲ, ಮೀನಿನ ಬುಟ್ಟಿ ಒತ್ತಿಡಬೇಡಿ. ಬಾನೆಟ್ ಕೆಳಗೆ ಇಲಿ ಕಡಿದ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಟೇಪು ಸುತ್ತಲು ಹೋಗಬೇಡಿ. ಅದರಲ್ಲಿ ಓಡುವುದು ನೂರಾರು ವೋಲ್ಟ್. ಗಾಡಿ ಆಫ್ ಮಾಡಿ, ಅಧಿಕೃತ ಸರ್ವಿಸ್ ಕೇಂದ್ರದವರನ್ನು ಕರೆಯಿರಿ.