ಅಂದು ಒತ್ತಿದ ‘ಅಲೌ’, ಇಂದು ಬರುವ ಜಾಹೀರಾತು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಕಂಪ್ಯೂಟರ್ ತೆರೆದರೆ ಬೇಡದ ಜಾಹೀರಾತು. ಹಾಗಾಗಿ ಪ್ರಿಂಟರ್ ಪ್ರಶ್ನೆ ಕೇಳಿದವರು ಸ್ವಲ್ಪ ತಾಳಿ, ಮುಂದಿನ ಸಲ ನಿಮ್ಮ ಪಾಳಿ.

ಪ್ರಶ್ನೆ: ಶಹಾಪುರದಲ್ಲಿ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯ ಪತ್ರ, 371(ಜೆ) ಅರ್ಜಿ ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ. ಎರಡು ವಾರದಿಂದ ಪರದೆಯ ಬಲಗಡೆ ಕೆಳಮೂಲೆಯಲ್ಲಿ ನಿಮಿಷಕ್ಕೊಮ್ಮೆ ಜಾಹೀರಾತು ಏಳುತ್ತದೆ. ಒಮ್ಮೆ ‘ನಿಮ್ಮ ಕಂಪ್ಯೂಟರ್‌ನಲ್ಲಿ ಐದು ವೈರಸ್’ ಅನ್ನುತ್ತದೆ, ಮತ್ತೊಮ್ಮೆ ನೋಡಬಾರದ ಫೋಟೊ. ಹೆಣ್ಣುಮಕ್ಕಳು ಪಕ್ಕದಲ್ಲೇ ಕೂತು ಅರ್ಜಿ ತುಂಬಿಸುತ್ತಿರುತ್ತಾರೆ, ಮುಖ ಎತ್ತೋಕಾಗುವುದಿಲ್ಲ. ಆಂಟಿವೈರಸ್‌ಗೆ ಏನೂ ಸಿಗಲಿಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು, 600 ರೂಪಾಯಿ ಅನ್ನುತ್ತಾರೆ. ಮಾಡಿಸಲೇ?

ಉತ್ತರ: ಬೇಡ. ದುಡ್ಡು ಜೇಬಿನಲ್ಲೇ ಇರಲಿ.

ಮೊದಲು ಆ ಪೆಟ್ಟಿಗೆಯನ್ನು ಸರಿಯಾಗಿ ನೋಡಿ. ಸಿಟ್ಟಿನಲ್ಲಿ ತಕ್ಷಣ ಮುಚ್ಚಬೇಡಿ, ಮಧ್ಯದಲ್ಲಿ ಕ್ಲಿಕ್ಕೂ ಮಾಡಬೇಡಿ. ಸುಮ್ನೆ ಓದಿ. ಸಣ್ಣ ಅಕ್ಷರದಲ್ಲಿ ‘ಗೂಗಲ್ ಕ್ರೋಮ್’ ಅಂತ ಇರುತ್ತದೆ. ಅದರ ಹತ್ತಿರ ಯಾವುದೋ ವೆಬ್‌ಸೈಟಿನ ವಿಳಾಸ ಇರುತ್ತದೆ, ಅರ್ಥವಿಲ್ಲದ ಅಕ್ಷರಗಳ ಸಾಲು. ಇದ್ದರೆ ಅದು ವೈರಸ್ ಅಲ್ಲ, ನೋಟಿಫಿಕೇಶನ್. ಪತ್ರಿಕೆಯ ಸೈಟು ‘ಹೊಸ ಸುದ್ದಿ ಬಂದಿದೆ’ ಎಂದು ಕಳಿಸುತ್ತದಲ್ಲ, ಅದೇ ದಾರಿಯಲ್ಲಿ ಇವರು ಜಾಹೀರಾತು ಕಳಿಸುತ್ತಿದ್ದಾರೆ. ಆಂಟಿವೈರಸ್‌ಗೆ ಏನೂ ಸಿಗಲಿಲ್ಲ ಎಂದಿರಿ. ಸಿಗುವುದಾದರೂ ಹೇಗೆ? ಕಂಪ್ಯೂಟರ್ ಒಳಗೆ ಯಾವ ಕೆಟ್ಟ ಫೈಲೂ ಬಂದಿಲ್ಲ. ಬಂದದ್ದು ಒಂದು ಅನುಮತಿ, ಅದನ್ನು ಕೊಟ್ಟವರು ನೀವು. ಇಲ್ಲವೇ ನಿಮ್ಮ ಕುರ್ಚಿಯಲ್ಲಿ ಕೂತ ಯಾರೋ.

ಹೋದ ವರ್ಷ ಕಲಬುರಗಿಯ ನೆಹರು ಗಂಜ್‌ನಲ್ಲಿ ಒಬ್ಬ ಬೇಳೆ ವ್ಯಾಪಾರಿಯ ಅಂಗಡಿಗೆ ಇದೇ ಕೆಲಸಕ್ಕೆ ಹೋಗಿದ್ದೆ. ಮುನೀಮರು ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮೂಲೆಯಲ್ಲಿ ಪೆಟ್ಟಿಗೆ ಎದ್ದಾಗಲೆಲ್ಲ ಒಂದು ಅಂಗೈಯಿಂದ ಪರದೆಯ ಆ ಭಾಗ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಟೈಪ್ ಮಾಡುತ್ತಿದ್ದರು. ಧಣಿ ನೋಡಿದರೆ ಏನಂದಾರು ಎಂಬ ಅಂಜಿಕೆ. ನನ್ನ ಕಿವಿಯಲ್ಲಿ ಕೇಳಿದರು, “ಸರ, ಇದ್ಕ ಯಾರರ ಮಾಟ ಮಾಡಿಸ್ಯಾರೇನ್ರಿ?” ಮಾಟ ಅಲ್ಲ. ತೊಗರಿ ರೇಟು ಹುಡುಕುತ್ತಾ ಯಾವುದೋ ಸೈಟಿಗೆ ಹೋಗಿದ್ದರು. ಅಲ್ಲಿ ಒಂದು ರೋಬೋಟ್ ಚಿತ್ರ, ಕೆಳಗೆ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೌ ಒತ್ತಿ’ ಎಂಬ ಸಾಲು. ಒತ್ತಿದರು. ಮನುಷ್ಯ ಎಂದು ತೋರಿಸಿಕೊಳ್ಳಲು ಯಾರು ಬೇಡ ಅಂತಾರೆ? ಆ ‘ಅಲೌ’ಗೂ ರೋಬೋಟ್‌ಗೂ ಸಂಬಂಧವೇ ಇಲ್ಲ. ಅದು ನೋಟಿಫಿಕೇಶನ್ ಕಳಿಸಲು ಕೊಟ್ಟ ಒಪ್ಪಿಗೆ, ಅಷ್ಟೆ. ಸಿನಿಮಾ ನೋಡಬೇಕಾದರೆ ಅಲೌ, ಫೈಲ್ ಇಳಿಸಬೇಕಾದರೆ ಅಲೌ, ಇವೂ ಅದೇ ಆಟ.

ತೆಗೆಯುವ ದಾರಿ ಹೀಗೆ. ಕ್ರೋಮ್‌ನಲ್ಲಿ ಬಲಗಡೆ ಮೇಲಿನ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’. ಕೆಳಗೆ ಸರಿಸಿದರೆ ಅನುಮತಿ ಪಡೆದ ಸೈಟುಗಳ ಪಟ್ಟಿ ಕಾಣುತ್ತದೆ. ಮುನೀಮರ ಪಟ್ಟಿಯಲ್ಲಿ 23 ವಿಳಾಸ ಇದ್ದವು, ಅವರಿಗೆ ಗುರುತು ಹತ್ತಿದ್ದು ಒಂದೇ. ಗೊತ್ತಿಲ್ಲದ ಪ್ರತಿಯೊಂದರ ಪಕ್ಕದ ಮೂರು ಚುಕ್ಕೆ ಒತ್ತಿ ‘ಬ್ಲಾಕ್’ ಕೊಡಿ. ‘ರಿಮೂವ್’ ಕೊಟ್ಟರೂ ಹೋಗುತ್ತದೆ, ಆದರೆ ಮುಂದೆ ಆ ಸೈಟಿಗೆ ಹೋದಾಗ ಮತ್ತೆ ಕೇಳುತ್ತದೆ. ಬ್ಲಾಕ್ ಆದದ್ದು ಕೇಳುವುದಿಲ್ಲ. ಆಮೇಲೆ ಅದೇ ಪುಟದ ಮೇಲ್ಭಾಗದಲ್ಲಿ, ಯಾವ ಸೈಟೂ ನೋಟಿಫಿಕೇಶನ್ ಕಳಿಸಲು ಬಿಡಬೇಡ ಎಂಬ ಆಯ್ಕೆ ಹಾಕಿಬಿಡಿ. ಸೆಂಟರ್‌ನ ಕಂಪ್ಯೂಟರ್‌ಗೆ ಅದೇ ಸರಿ, ಹತ್ತು ಜನ ಮುಟ್ಟುತ್ತಾರೆ. ಎಡ್ಜ್ ಬಳಸುವವರು ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ನೋಟಿಫಿಕೇಶನ್ಸ್’ ಎಂದು ಟೈಪ್ ಮಾಡಿದರೆ ಇಂಥದ್ದೇ ಪಟ್ಟಿ ಸಿಗುತ್ತದೆ.

ಗಂಜ್‌ನಲ್ಲಿ ಚಹಾ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ದುಡ್ಡು ಕೇಳಲು ನನಗೇ ಸಂಕೋಚ ಆಯಿತು, ಎರಡು ಕಿಲೊ ತೊಗರಿಬೇಳೆ ಕಟ್ಟಿಕೊಟ್ಟರು.

ನಿಮ್ಮಂಥವರಿಗೆ ಇನ್ನೊಂದು ಮಾತು. ಸಿಟ್ಟಿನಲ್ಲಿ ಎಲ್ಲ ಪಾಪ್-ಅಪ್ (ತಾನಾಗಿ ತೆರೆಯುವ ಕಿಟಕಿ) ಬಂದ್ ಮಾಡಿದರೆ ನಾಳೆ ಪತ್ರದ ಪ್ರಿಂಟ್ ಬರದೆ ಗಿರಾಕಿಯ ಮುಂದೆ ಒದ್ದಾಡುತ್ತೀರಿ. ಕೆಲವು ಸರ್ಕಾರಿ ಪುಟಗಳಲ್ಲಿ ಪ್ರಿಂಟ್ ತೆರೆಯುವುದೇ ಪಾಪ್-ಅಪ್ ಕಿಟಕಿಯಲ್ಲಿ. ಅದನ್ನು ಕ್ರೋಮ್ ತಡೆದಾಗ, ವೆಬ್ ವಿಳಾಸ ಟೈಪ್ ಮಾಡುವ ಜಾಗದ ಬಲತುದಿಯಲ್ಲಿ ಚಿಕ್ಕ ಗುರುತು ಮೂಡುತ್ತದೆ. ಅದನ್ನು ಒತ್ತಿ ಆ ಒಂದು ಸೈಟಿಗೆ ಮಾತ್ರ ಬಿಡಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಪ್ರಬಂಧ ಟೈಪ್ ಮಾಡಲು ‘ನುಡಿ’ ಕನ್ನಡ ತಂತ್ರಾಂಶ ಬೇಕಿತ್ತು, ಹುಡುಕಿ ಸಿಕ್ಕ ಸೈಟಿನಿಂದ ಇಳಿಸಿಕೊಂಡೆ. ಅಂದಿನಿಂದ ಗೂಗಲ್‌ನಲ್ಲಿ ಏನು ಹುಡುಕಿದರೂ ಬೇರೆ ಪುಟಕ್ಕೆ ಹೋಗುತ್ತದೆ, ಎಲ್ಲ ಕಡೆ ಜಾಹೀರಾತು. ಗೊತ್ತಿಲ್ಲದ ಎಕ್ಸ್‌ಟೆನ್ಶನ್ (ಕ್ರೋಮ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಒಂದಿದೆ, ಅದಕ್ಕೆ ತೆಗೆಯುವ ಬಟನ್ನೇ ಇಲ್ಲ. ಕ್ರೋಮ್ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಅನ್ನುತ್ತದೆ. ನನಗೆ ಯಾವ ಆರ್ಗನೈಸೇಶನ್ನೂ ಇಲ್ಲ. ಅಣ್ಣ ಒಮ್ಮೆ ಫಾರ್ಮ್ಯಾಟ್ ಮಾಡಿಕೊಟ್ಟ, ವಾರದಲ್ಲಿ ಮತ್ತೆ ಬಂತು.

ಉತ್ತರ: ನಿಮ್ಮದು ಶಹಾಪುರದವರ ಕಥೆಯಲ್ಲ. ಇಲ್ಲಿ ನಿಜವಾಗಿಯೂ ಜಾಹೀರಾತು ತೋರಿಸಲೆಂದೇ ಒಂದು ಪ್ರೋಗ್ರಾಂ ಒಳಗೆ ಬಂದಿದೆ, ಇದೇ ಆಡ್‌ವೇರ್.

ನೀವು ಹೋದ ಪುಟ ನನ್ನ ಕಣ್ಣ ಮುಂದೆ ಬರುತ್ತಿದೆ. ಮೂರು-ನಾಲ್ಕು ಹಸಿರು ‘ಡೌನ್‌ಲೋಡ್’ ಬಟನ್. ದಪ್ಪಗೆ ಕಾಣುವುದೆಲ್ಲ ಜಾಹೀರಾತು, ನಿಜವಾದ ಕೊಂಡಿ ಕೆಳಗೆಲ್ಲೋ ಬಡವನ ಹಾಗೆ ಸಣ್ಣದಾಗಿ ಕೂತಿರುತ್ತದೆ. ಇಳಿದ ಫೈಲ್ ತೆರೆದರೆ ನೆಕ್ಸ್ಟ್, ನೆಕ್ಸ್ಟ್. ನಡುವೆ ಎಲ್ಲೋ ಮೊದಲೇ ಟಿಕ್ ಹಾಕಿದ ಪೆಟ್ಟಿಗೆಗಳು: ಒಂದು ಹುಡುಕಾಟದ ಟೂಲ್‌ಬಾರ್, ಒಂದು ಹವಾಮಾನ ಆಪ್, ಒಂದು ‘ಪಿಸಿ ಕ್ಲೀನರ್’. ಒಂದೊಂದು ಕಂಪ್ಯೂಟರ್‌ಗೆ ಇದು ಏರಿದಂತೆ ಹಂಚುವವರಿಗೆ ದುಡ್ಡು. ನುಡಿ ಕರ್ನಾಟಕ ಸರ್ಕಾರವೇ ಪುಕ್ಕಟೆ ಕೊಡುವ ತಂತ್ರಾಂಶ, ಅದಕ್ಕೆ ಮೂರನೆಯವರ ಸೈಟು ಯಾಕೆ ಬೇಕು? ಇನ್ನು ಮುಂದೆ ಯಾವುದನ್ನೇ ಹಾಕುವಾಗ ‘ಎಕ್ಸ್‌ಪ್ರೆಸ್’ ಬಿಟ್ಟು ‘ಕಸ್ಟಮ್’ ಆರಿಸಿ, ಟಿಕ್‌ಗಳನ್ನು ಒಂದೊಂದಾಗಿ ತೆಗೆಯಿರಿ.

ಈಗ ತೆಗೆಯೋಣ. ಕಂಟ್ರೋಲ್ ಪ್ಯಾನಲ್‌ನ ‘ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್’ ತೆರೆದು ‘ಇನ್‌ಸ್ಟಾಲ್ಡ್ ಆನ್’ ಎಂಬ ತಲೆಬರಹದ ಮೇಲೆ ಒತ್ತಿ. ಪಟ್ಟಿ ತಾರೀಖಿನ ಪ್ರಕಾರ ಕೂರುತ್ತದೆ. ಆ ಫೈಲ್ ಇಳಿಸಿದ ದಿನ ನಿಮಗೆ ನೆನಪಿದೆ ಅಲ್ವಾ? ಅದೇ ದಿನ ಜೊತೆಜೊತೆಯಾಗಿ ಬಂದ, ನಿಮಗೆ ಗುರುತಿಲ್ಲದವರೇ ಕಳ್ಳರು. ಅವನ್ನು ಅನ್‌ಇನ್‌ಸ್ಟಾಲ್ ಮಾಡಿ. ‘ಮೈಕ್ರೋಸಾಫ್ಟ್ ವಿಷುಯಲ್ ಸಿ++’ ಎಂದಿರುವುದನ್ನು ಮಾತ್ರ ಮುಟ್ಟಬೇಡಿ, ಬೇರೆ ಪ್ರೋಗ್ರಾಂಗಳು ಅದರ ಮೇಲೆ ನಿಂತಿರುತ್ತವೆ.

ಎರಡನೆಯದು ‘ಆಡ್‌ಡಬ್ಲ್ಯುಕ್ಲೀನರ್’ ಎಂಬ ಉಪಕರಣ. ಇಂಥ ಕಸ ಗುಡಿಸಲೆಂದೇ ಮಾಡಿದ್ದು, ಪುಕ್ಕಟೆ. 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿ ಇದನ್ನು ಕೊಂಡಿತು. ಆ ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿ. ಇದರ ಹೆಸರಿನಲ್ಲೂ ನಕಲಿಗಳಿವೆ, ಕಳ್ಳನನ್ನು ಹಿಡಿಯಲು ಕಳ್ಳನನ್ನೇ ಕರೆದ ಹಾಗೆ ಆದೀತು. ಇನ್‌ಸ್ಟಾಲ್ ಮಾಡುವುದೇನಿಲ್ಲ, ತೆರೆದು ಸ್ಕ್ಯಾನ್ ಒತ್ತಿದರಾಯಿತು. ಸಿಕ್ಕಿದ್ದನ್ನು ‘ಕ್ವಾರಂಟೈನ್’ ಮಾಡಿ, ಅಂದರೆ ಬೇರೆಯಾಗಿ ಕೂಡಿಹಾಕಿ, ಕಂಪ್ಯೂಟರ್ ಮತ್ತೆ ಶುರು ಮಾಡಿ. ನಿಮ್ಮ ಆ ‘ಆರ್ಗನೈಸೇಶನ್’ ಸಾಮಾನ್ಯವಾಗಿ ಇಲ್ಲೇ ಮಾಯವಾಗುತ್ತದೆ. ಕಾಲೇಜು, ಕಚೇರಿಗಳು ತಮ್ಮ ಕಂಪ್ಯೂಟರ್‌ಗಳನ್ನು ಹದ್ದುಬಸ್ತಿನಲ್ಲಿಡಲು ಕ್ರೋಮ್‌ನಲ್ಲಿ ‘ಪಾಲಿಸಿ’ ಎಂಬ ಸೌಲಭ್ಯ ಇದೆ. ಆಡ್‌ವೇರ್ ನಿಮ್ಮ ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಜಾಗ) ಅಂಥದ್ದೊಂದು ಪಾಲಿಸಿ ಬರೆದು, ತಾನೇ ನಿಮ್ಮ ಕಚೇರಿ ಎಂದು ಕೂತಿದೆ. ಅದಕ್ಕೇ ತೆಗೆಯುವ ಬಟನ್ ಕಾಣದು. ಕ್ಲೀನರ್‌ಗೂ ಬಗ್ಗದಿದ್ದರೆ ರಿಜಿಸ್ಟ್ರಿ ಗೊತ್ತಿರುವವರ ಕೈಯಲ್ಲಿ ಆ ಸಾಲು ಅಳಿಸಿ. ನೀವೇ ಕೈ ಹಾಕಬೇಡಿ.

ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು, ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ಒಳಗಿನ ‘ಸ್ಕ್ಯಾನ್ ಆಪ್ಶನ್ಸ್’ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಹದಿನೈದು ನಿಮಿಷದ ಕೆಲಸ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಅಡಗಿಕೊಂಡವರೂ ಸಿಗುತ್ತಾರೆ. ಕೊನೆಗೆ ಕ್ರೋಮ್ ಸೆಟ್ಟಿಂಗ್ಸ್‌ನ ‘ರಿಸೆಟ್’. ಬುಕ್‌ಮಾರ್ಕ್, ಪಾಸ್‌ವರ್ಡ್ ಹೋಗುವುದಿಲ್ಲ, ಹೆದರಬೇಡಿ. ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಐಕಾನ್‌ನ ‘ಪ್ರಾಪರ್ಟೀಸ್’ ಕೂಡ ತೆರೆದು ನೋಡಿ. ‘ಟಾರ್ಗೆಟ್’ ಸಾಲಿನ ತುದಿಯಲ್ಲಿ ಯಾವುದಾದರೂ ವೆಬ್‌ಸೈಟಿನ ಹೆಸರು ಅಂಟಿಕೊಂಡಿದ್ದರೆ ಆ ಐಕಾನ್ ಬಿಸಾಕಿ ಹೊಸದು ಮಾಡಿಕೊಳ್ಳಿ.

ಫಾರ್ಮ್ಯಾಟ್ ಮಾಡಿದರೂ ಯಾಕೆ ಬಂತು? ಎರಡು ದಾರಿ. ಅದೇ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದು ಮತ್ತೆ ಹಾಕಿರಬಹುದು. ಇಲ್ಲವೇ ಕ್ರೋಮ್‌ಗೆ ನಿಮ್ಮ ಜಿಮೇಲ್‌ನಿಂದ ಲಾಗಿನ್ ಆದ ಕೂಡಲೇ ‘ಸಿಂಕ್’ (ಖಾತೆಯಲ್ಲಿ ಉಳಿಸಿದ್ದನ್ನು ತಾನಾಗಿ ಮರಳಿ ತರುವ ಸೌಲಭ್ಯ) ಹಳೆಯ ಎಕ್ಸ್‌ಟೆನ್ಶನ್‌ಗಳನ್ನು ಮರಳಿ ತಂದಿರಬಹುದು. ಬುಕ್‌ಮಾರ್ಕ್ ಜೊತೆ ಬೇಡದ ನೆಂಟನೂ ಬಂದ. ಹಾಗಾಗಿ ಸ್ವಚ್ಛ ಮಾಡುವವರೆಗೆ ಸಿಂಕ್ ಬಂದ್ ಇಡಿ.

ಫಾರ್ಮ್ಯಾಟ್ ಎಂದರೆ ನನಗೆ ಈಗಲೂ ಎದೆ ಕುಟ್ಟುತ್ತದೆ. ಅಂಗಡಿ ಹಾಕಿದ ಹೊಸತರಲ್ಲಿ ಆಳಂದ ಕಡೆಯ ಒಬ್ಬ ಮೇಷ್ಟ್ರು ಇದೇ ಜಾಹೀರಾತಿನ ಕಾಟಕ್ಕೆ ಸಿಪಿಯು ಹೊತ್ತು ತಂದಿದ್ದರು. ಡಿ ಡ್ರೈವ್ ಉಳಿಸಿ ಸಿ ಡ್ರೈವ್ ಅಳಿಸಿದೆ, ಎಲ್ಲರೂ ಹಾಗೇ ಮಾಡುತ್ತಿದ್ದೆವು. ಅವರು ಊರಿನ ಮುದುಕಿಯರಿಂದ ಬರೆದುಕೊಂಡ ಬೀಸುಕಲ್ಲ ಪದಗಳನ್ನೆಲ್ಲ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದರು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ನಾನು ಕೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ಬೈಯಲಿಲ್ಲ ಅವರು. “ಇರಲಿ ಬಿಡ್ರಿ, ಅದರಾಗ ಇಬ್ಬರು ಮುದುಕೇರು ಇನ್ನಾ ಅದಾರ” ಅಂದು ಸಿಪಿಯು ಎತ್ತಿಕೊಂಡು ಹೋದರು. ಜಾಹೀರಾತು ಹದಿನೈದು ದಿನಕ್ಕೆ ವಾಪಸ್ ಬಂದಿತ್ತು, ಪೆನ್‌ಡ್ರೈವ್‌ನ ಫೈಲಿನಿಂದ.

ನಿಮ್ಮ ಪ್ರಬಂಧದ ಒಂದು ಪ್ರತಿ ಇವತ್ತೇ ಬೇರೆ ಕಡೆ ಇಡಿ, ಆಮೇಲೆ ಉಳಿದದ್ದು.

ಪ್ರಶ್ನೆ: ಬೀದರ್‌ನಲ್ಲಿ ನಿವೃತ್ತ ನೌಕರ ನಾನು. ಪಿಂಚಣಿ ಬಗ್ಗೆ ಹುಡುಕುವಾಗ ಇಡೀ ಪರದೆ ಕೆಂಪಾಗಿ ಸೈರನ್ ಕೂಗಿತು. ಕಂಪ್ಯೂಟರ್ ಲಾಕ್ ಆಗಿದೆ, ಮೈಕ್ರೋಸಾಫ್ಟ್‌ಗೆ ಫೋನ್ ಮಾಡಿ ಎಂದು ಒಂದು ನಂಬರ್. ಮಾಡಿದೆ. ಹಿಂದಿಯಲ್ಲಿ ಮಾತಾಡಿದ ಹುಡುಗ ಏನೋ ಆಪ್ ಹಾಕಿಸಿ, ಇಲಿ (ಮೌಸ್) ತಾನೇ ಓಡಾಡುವಂತೆ ಮಾಡಿ, 8,000 ರೂಪಾಯಿ ಕೇಳಿದ. ಹೆದರಿ ಕರೆಂಟ್ ಸ್ವಿಚ್ಚೇ ಆರಿಸಿದೆ. ಈಗ ಹಚ್ಚಲು ಧೈರ್ಯವಿಲ್ಲ.

ಉತ್ತರ: ಸ್ವಿಚ್ ಆರಿಸಿದ್ದು ಬಹಳ ಒಳ್ಳೆಯದಾಯಿತು.

ಅದು ಬರೀ ಒಂದು ವೆಬ್ ಪುಟ, ಕಂಪ್ಯೂಟರ್ ಲಾಕ್ ಆಗಿರಲೇ ಇಲ್ಲ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಎಂದೂ ಫೋನ್ ನಂಬರ್ ಹಾಕುವುದಿಲ್ಲ. ನಂಬರ್ ಕಂಡರೆ ಮೋಸ ಎಂದೇ ತಿಳಿಯಿರಿ. ಮುಂದೆ ಹಾಗಾದರೆ ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ತುಂಬಿದ ಪರದೆ ಚಿಕ್ಕದಾಗುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಕ್ರೋಮ್ ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಮತ್ತೆ ತೆರೆದಾಗ ‘ರಿಸ್ಟೋರ್’ ಎಂದು ಕೇಳಿದರೆ ಬೇಡ ಅನ್ನಿ, ಅದೇ ಪುಟ ಬಂದುಬಿಡುತ್ತದೆ.

ಆದರೆ ನೀವು ಆಪ್ ಹಾಕಿದ್ದೀರಿ, ಅವನು ಒಳಗೆ ಬಂದಿದ್ದಾನೆ. ಮೊದಲು ರೌಟರ್ ಆರಿಸಿ, ಆಮೇಲೆ ಕಂಪ್ಯೂಟರ್ ಹಚ್ಚಿ. ಆ ಆಪ್ ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಇವತ್ತೇ ಬದಲಿಸಿ, ಈ ಕಂಪ್ಯೂಟರ್‌ನಲ್ಲಿ ಅಲ್ಲ, ಮಗನ ಫೋನಿನಲ್ಲೋ ಮಗಳ ಫೋನಿನಲ್ಲೋ. ಬ್ಯಾಂಕಿಗೂ ಒಂದು ಮಾತು ಹೇಳಿ. ಒಂದು ರೂಪಾಯಿ ಹೋಗಿದ್ದರೂ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ. ನಾಚಿಕೆ ಪಟ್ಟುಕೊಂಡು ನಾಳೆಗೆ ಇಡಬೇಡಿ.

ಪ್ರಶ್ನೆ: ಒಂದು ಆಡ್ ಬ್ಲಾಕರ್ ಹಾಕಿದರೆ ಇಷ್ಟೆಲ್ಲ ತಾಪತ್ರಯ ಇರುವುದಿಲ್ಲ ಅಲ್ವಾ? (ಚಿಂಚೋಳಿ)

ಉತ್ತರ: ಬರುವುದನ್ನು ಕಮ್ಮಿ ಮಾಡುತ್ತದೆ, ಬಂದು ಕೂತದ್ದನ್ನು ಎಬ್ಬಿಸುವುದಿಲ್ಲ. ಆ ಸುಳ್ಳು ‘ಡೌನ್‌ಲೋಡ್’ ಬಟನ್‌ಗಳು ಕಾಣದಂತೆ ಮಾಡುವುದೇ ಇದರ ದೊಡ್ಡ ಉಪಕಾರ. ನಾನು ಫೈರ್‌ಫಾಕ್ಸ್‌ನಲ್ಲಿ ‘ಯುಬ್ಲಾಕ್ ಒರಿಜಿನ್’ ಬಳಸುತ್ತೇನೆ. ಕ್ರೋಮ್ ತನ್ನ ನಿಯಮ ಬದಲಿಸಿದ್ದರಿಂದ ಅಲ್ಲಿ ಅದು ನಡೆಯುವುದಿಲ್ಲ, ‘ಯುಬ್ಲಾಕ್ ಒರಿಜಿನ್ ಲೈಟ್’ ಹಾಕಿಕೊಳ್ಳಿ. ಹಾಕುವ ಮುಂಚೆ ಮಾಡಿದವರ ಹೆಸರು ರೇಮಂಡ್ ಹಿಲ್ ಎಂದಿದೆಯೇ ನೋಡಿ. ಹೆಚ್ಚುಕಡಿಮೆ ಇದೇ ಹೆಸರಿಟ್ಟುಕೊಂಡ ನಕಲಿ ಬ್ಲಾಕರ್‌ಗಳೂ ಬಂದಿವೆ. ಜಾಹೀರಾತು ತಡೆಯಲು ಬಂದು ಜಾಹೀರಾತು ತೋರಿಸುವಂಥವು.